ಗುಡ್ಡದ ಮೇಲಿನ ಆರು ಭಟ್ಟಿಗಳು

ಮೂರನೆಯ ಭಟ್ಟಿ ಬೂದಿಯಾದದ್ದು ಡಿಸೆಂಬರ್ ಹದಿನೇಳರ ಬೆಳಿಗ್ಗೆ. ಆ ದಿನದ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: “ಬಾಯಿ ಮುಚ್ಚಿದ ಎರಡನೆಯ ದಿನ. ಮೂಡಣ ಗಾಳಿ, ಸಣ್ಣಗೆ. ಒಂಬತ್ತೂವರೆಗೆ ಹೊಗೆ ಕಾಣಿಸಿತು. ಹತ್ತಕ್ಕೆ ಪಡುವಣ ಮಗ್ಗುಲು ಕುಸಿಯಿತು. ಬರಬೇಕಾದದ್ದು ನಲವತ್ತು ಚೀಲ, ಸಿಕ್ಕಿದ್ದು ಹನ್ನೊಂದು. ಕಾರಣ: ಗೊತ್ತಿಲ್ಲ.”

ಯುದ್ಧದ ನಾಲ್ಕನೆಯ ಚಳಿಗಾಲ ಅದು. ಪೆಟ್ರೋಲು ಚೀಟಿಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು. ಶಿಗ್ಗಾಂವದಲ್ಲಿ ನಾನು ಕೆಲಸಕ್ಕಿದ್ದ ಸಾಹುಕಾರರ ಎರಡು ಬಸ್ಸುಗಳೂ ಇದ್ದಿಲಿನ ಹೊಗೆಯಿಂದ ಓಡತೊಡಗಿದ್ದವು. ಒಂದು ಸವಣೂರಿನ ಮೇಲೆ ಯಲವಿಗಿ ಸ್ಟೇಶನ್ನಿಗೆ, ಇನ್ನೊಂದು ಹಾನಗಲ್ಲಿನ ಮೇಲೆ ಹಿರೇಕೆರೂರಿಗೆ. ಇದ್ದಿಲು ಪೇಟೆಯಲ್ಲಿ ಸಿಗದಾದಾಗ ಸಾಹುಕಾರರು ಹಾನಗಲ್ಲಿನ ಪಡುವಣ ಗುಡ್ಡದಲ್ಲಿ ಕಡಿಯಲು ಬಿಟ್ಟಿದ್ದ ಕಾಡಿನ ತುಂಡೊಂದನ್ನು ಗುತ್ತಿಗೆ ಹಿಡಿದರು. ಅಲ್ಲಿ ಕುಳಿತು ಲೆಕ್ಕ ಇಡಲು ಕಾರಕೂನನಾಗಿದ್ದ ನನ್ನನ್ನು ಕಳಿಸಿದರು.

ನನ್ನ ಜತೆ ಮೋತ್ಯಾ ಬಂದ. ಕಂದು ಬಣ್ಣದ, ಕಿವಿ ಜೋತುಬಿದ್ದ ನಾಯಿ, ಮೂರು ವರ್ಷದ್ದು. ಮನೆಯಲ್ಲಿ ಕಟ್ಟಿಹಾಕಿ ಬಂದಿದ್ದರೂ ಹಗ್ಗ ಕಡಿದುಕೊಂಡು ಊರ ಹೊರಗಿನ ಹಳ್ಳದ ಹತ್ತಿರ ಗಾಡಿಯನ್ನು ಕೂಡಿಕೊಂಡಿತ್ತು.

ನಮಗಿದ್ದದ್ದು ಮರದ ಹಲಗೆಯ ಗೋಡೆ, ಹುಲ್ಲಿನ ಹೊದಿಕೆಯ ಒಂದು ಕೋಣೆ. ಮರಗಳಿಗೆ ಗುರುತು ಹಾಕಲು ಬರುವವರಿಗಾಗಿ ಹಿಂದೆ ಯಾವಾಗಲೋ ಕಟ್ಟಿಸಿದ್ದು. ಗುಡ್ಡದ ಹೆಗಲ ಮೇಲೆ, ಮೂಡಣ ಅಂಚಿನಲ್ಲಿ ಅದು ನಿಂತಿತ್ತು. ಕೆಳಗೆ, ಇನ್ನೂರು ಹೆಜ್ಜೆ ದೂರದ ಸಮತಟ್ಟು ಜಾಗದಲ್ಲಿ ಭಟ್ಟಿಗಳು. ಅದಕ್ಕೂ ಕೆಳಗೆ, ಹಳ್ಳದ ದಂಡೆಯಲ್ಲಿ, ಇದ್ದಿಲು ಸುಡುವವನ ಗುಡಿಸಲು. ಅವನಿಗೆ ಐವತ್ತು ದಾಟಿತ್ತು, ಹೆಂಡತಿಯೂ ಜತೆಗಿದ್ದಳು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಕಟ್ಟಿಗೆ ಕಡಿಯುವ ನಾಲ್ವರು ಗುಡ್ಡದ ಬುಡದ ಹಳ್ಳಿಯಿಂದ ಬಂದು ಸಂಜೆ ಹೊರಟುಹೋಗುತ್ತಿದ್ದರು.

ಭಟ್ಟಿ ಕಟ್ಟುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ನಡುವೆ ಒಂದು ಗೂಟ ನೆಟ್ಟು ಅದರ ಸುತ್ತ ಮತ್ತಿ, ದಿಂಡಲ ಮರಗಳ ತುಂಡುಗಳನ್ನು ಒರಗಿಸಿ ನಿಲ್ಲಿಸುತ್ತಾರೆ. ದಪ್ಪದ್ದು ಒಳಗೆ, ಸಣ್ಣದ್ದು ಹೊರಗೆ. ಆಳೆತ್ತರದ ಗುಪ್ಪೆಯಾದ ಮೇಲೆ ಹಸಿ ಎಲೆಯ ಹೊದಿಕೆ, ಎಲೆಯ ಮೇಲೆ ಒಂದು ಗೇಣು ಒದ್ದೆ ಮಣ್ಣು. ಗೂಟ ಎಳೆದು ಆ ತೂತಿನಲ್ಲಿ ಕೆಂಡ ಸುರಿದು ಮುಚ್ಚುತ್ತಾರೆ. ಬುಡದಲ್ಲಿ ಸುತ್ತಲೂ ಎಂಟು ಕಂಡಿ. ಮೊದಲ ಮೂರು ದಿನ ಬಿಳಿ ಹೊಗೆ, ಆಮೇಲೆ ಹಳದಿ, ಆರನೆಯ ದಿನಕ್ಕೆ ತೆಳುವಾದ ನೀಲಿ. ನೀಲಿ ಕಂಡೊಡನೆ ಕಂಡಿಗಳನ್ನೆಲ್ಲ ಮಣ್ಣಿನಿಂದ ಬಿಗಿದುಬಿಡುತ್ತಾರೆ. ಇದಕ್ಕೆ ಬಾಯಿ ಮುಚ್ಚುವುದು ಎನ್ನುತ್ತಾರೆ. ನಾಲ್ಕು ದಿನ ಆರಲು ಬಿಟ್ಟು ಬಿಚ್ಚಿದರೆ ಇದ್ದಿಲು. ನಡುವೆ ಎಲ್ಲಿಯಾದರೂ ಬೆರಳು ತೂರುವಷ್ಟು ಗಾಳಿ ಒಳಗೆ ಹೋದರೆ ಬೂದಿ.

ಮೊದಲನೆಯದರಲ್ಲಿ ಮೂವತ್ತೊಂಬತ್ತು ಚೀಲ, ಎರಡನೆಯದರಲ್ಲಿ ನಲವತ್ತೊಂದು. ಇದೇ ಗತಿಯಲ್ಲಿ ನಡೆದರೆ ಜನವರಿ ಮುಗಿಯುವುದರೊಳಗೆ ಸಾಹುಕಾರರು ಹೇಳಿದ ಇನ್ನೂರು ಚೀಲ ಆಗಿಬಿಡುತ್ತದೆಂದು ಲೆಕ್ಕ ಹಾಕಿಟ್ಟಿದ್ದೆ. ಮೂರನೆಯದು ಆ ಲೆಕ್ಕವನ್ನು ಕೆಡಿಸಿತು.

ಕಾಕಾ ಕುಸಿದ ಮಗ್ಗುಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. “ಉರಿಯೂ ಮುಂದ ಕೆಟ್ಟ ಭಟ್ಟಿ ನೋಡೇನಿ. ಬಾಯಿ ಮುಚ್ಚಿದ ಮ್ಯಾಲ ಕೆಟ್ಟದ್ದು ನಾ ನೋಡಿಲ್ರಿ. ಮತ್ತ, ಗಾಳಿ ಬಡಿಯೂದು ಆ ಕಡೆ, ಸುಟ್ಟದ್ದು ಈ ಕಡೆ. ಇದ್ಯಾವ ಸೀಮಿ ನ್ಯಾಯ?”

“ಕಟ್ಟಿಗಿ ಹಸೀ ಇತ್ತೇನ ಕಾಕಾ?”

“ಹಸೀ ಇದ್ರ ಹೊಗಿ ಬರ್ತೈತಿ, ಬೂದಿ ಬರೂದಿಲ್ಲ.”

ಆದರೂ ನಾನು ನಾಲ್ಕನೆಯದಕ್ಕೆ ಕಟ್ಟಿಗೆಯನ್ನು ಮೂರು ದಿನ ಹೆಚ್ಚು ಒಣಗಿಸಿದೆ. ಮತ್ತಿ ಎಷ್ಟು, ದಿಂಡಲ ಎಷ್ಟು ಎಂದು ತುಂಡು ಎಣಿಸಿ ಬರೆದೆ. ಡಿಸೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ ಹತ್ತಕ್ಕೆ ಅದೂ ಕುಸಿಯಿತು, ಪಡುವಣ ಮಗ್ಗುಲೇ. ಹದಿನಾಲ್ಕು ಚೀಲ.

ಈ ಸಲ ಮಣ್ಣಿನ ಮೇಲೆ ಅನುಮಾನ ಬಂತು. ಹುತ್ತದ ಮಣ್ಣು ಬಿರಿಯುವುದಿಲ್ಲ ಎಂದು ಎಲ್ಲಿಯೋ ಓದಿದ್ದೆ. ಹತ್ತಿರದಲ್ಲೇ ಎದೆಯೆತ್ತರದ ಮೂರು ಹುತ್ತಗಳಿದ್ದವು. ಕಾಕಾ ಗುದ್ದಲಿಯನ್ನು ನೆಲಕ್ಕಿಟ್ಟುಬಿಟ್ಟ.

“ಅದಕ್ಕ ನಾ ಗುದ್ದಲಿ ಹಾಕೂದಿಲ್ರಿ. ಬೇಕಾದ್ರ ನೀವ ಹಾಕ್ರಿ. ಹಾಕಿದ್ರ ಆ ಮಣ್ಣ ನಾ ಮುಟ್ಟೂದಿಲ್ಲ.”

“ಮತ್ತೇನ ಮಾಡೂದು?”

“ಹಳ್ಳದ್ದು ರೇವಿ ತರ್ತೇನಿ. ದೂರ ಆಕ್ಕೈತಿ, ಆಗ್ಲಿ.”

ಹಳ್ಳದ ಮೆಕ್ಕಲು ಮಣ್ಣನ್ನು ಗಂಡಹೆಂಡಿರಿಬ್ಬರೂ ಎರಡು ದಿನ ಬುಟ್ಟಿಯಲ್ಲಿ ಹೊತ್ತು ತಂದರು. ನಾನು ಬುಟ್ಟಿಗಳನ್ನು ಎಣಿಸಿದೆ: ನೂರಾ ಹದಿನಾರು. ನಾನು ಗೆರೆ ಎಳೆಯುತ್ತ ನಿಂತದ್ದನ್ನು ನೋಡಿ ಕಾಕಾನ ಹೆಂಡತಿ ಬುಟ್ಟಿ ಇಳಿಸುತ್ತ ಅಂದಳು: “ಕಾರಕೂನ್ರ, ನೀವು ಎಣಿಸಿದಷ್ಟೂ ಬುಟ್ಟಿ ಜಡಾ ಆಗಾಕತ್ತಾವು. ಒಂದ ಹೊತ್ತ ಎಣಿಸೂದು ಬಿಟ್ಟ ನೋಡ್ರಿ.”

ಈ ನಡುವೆ ಸಾಹುಕಾರರ ಕಾಗದ ಬಂತು. ಹಾನಗಲ್ಲಿಗೆ ಚೀಲ ಒಯ್ಯುವ ಗಾಡಿಯವನು ತಂದುಕೊಟ್ಟ. ಯಲವಿಗಿಯ ಬಸ್ಸು ನಾಲ್ಕು ದಿನ ನಿಂತಿತ್ತಂತೆ. ರೈಲಿನಿಂದ ಇಳಿದವರು ಸವಣೂರಿಗೆ ಎತ್ತಿನ ಗಾಡಿ ಹಿಡಿದರಂತೆ. “ತಪ್ಪು ಯಾರದೆಂದು ಪತ್ತೆ ಹಚ್ಚಿ ಬರೆಯಿರಿ. ಸುಡುವವನದಾದರೆ ಬೇರೆಯವನನ್ನು ಕಳಿಸುತ್ತೇನೆ. ಹಾಗಾದಲ್ಲಿ ಈ ಕಡೆಯ ಬೇರೆ ಗುತ್ತಿಗೆದಾರರಿಗೂ ತಿಳಿಸುವುದು ನನ್ನ ಕರ್ತವ್ಯ.” ಈ ಕೊನೆಯ ಮಾತಿನ ಅರ್ಥ ನನಗೆ ಆಗಿತ್ತು. ಬಾಯಿ ಮುಚ್ಚಿದ ಭಟ್ಟಿಯನ್ನು ಸುಟ್ಟವನು ಎಂಬ ಹೆಸರು ಅಂಟಿದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಕಾಕಾನನ್ನು ಯಾರೂ ಕರೆಯುವುದಿಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ; ಹೊಲವೂ ಇರಲಿಲ್ಲ.

ಐದನೆಯ ಭಟ್ಟಿಯನ್ನು ನಾನೇ ಕಾದೆ. ಅಂದರೆ, ಕಾಯುವವನನ್ನು ಕಾದೆ. ನಮ್ಮ ಕಾವಲಿನ ಹಂಚಿಕೆ ಮೊದಲಿನಿಂದಲೂ ಹೀಗಿತ್ತು: ಸಂಜೆಯಿಂದ ನಸುಕಿನವರೆಗೆ ಕಾಕಾನದು, ಬೆಳಕು ಹರಿದ ಮೇಲೆ ಅವನು ಹಳ್ಳಕ್ಕಿಳಿದು ಮೈತೊಳೆದು, ಉಂಡು ಮಲಗುತ್ತಿದ್ದ. ಆಗಿನಿಂದ ಕಡಿಯುವವರು ಬರುವ ಹತ್ತು ಗಂಟೆಯವರೆಗೆ ನನ್ನದು. ನನ್ನ ಪಾಳಿಯನ್ನು ಕೋಣೆಯ ಬಾಗಿಲಲ್ಲಿ ಕುಳಿತು ಮುಗಿಸುತ್ತಿದ್ದೆ. ಅಲ್ಲಿಂದ ಭಟ್ಟಿ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ದಿನದ ಲೆಕ್ಕ ಬರೆಯುವುದೂ ಅದೇ ಹೊತ್ತಿನಲ್ಲಿ. ಮೋತ್ಯಾನನ್ನು ರಾತ್ರಿ ಒಳಗೇ ಕೂಡಿಹಾಕುತ್ತಿದ್ದೆ, ಏಕೆಂದರೆ ಬುಡದ ಹಳ್ಳಿಯಲ್ಲಿ ಚಿರತೆ ಒಂದು ನಾಯಿಯನ್ನು ಒಯ್ದಿತ್ತು. ನಸುಕಿಗೆ ಬಾಗಿಲು ತೆರೆದರೆ ಅದು ಒಂದೇ ಓಟಕ್ಕೆ ಕೆಳಗೆ ಹೋಗಿ, ಬಿಸಿಲೇರಿದ ಮೇಲೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಿತ್ತು. ಕಾಕಾನ ಹೆಂಡತಿ ರೊಟ್ಟಿ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಹೋಗುತ್ತದೆ ಎಂದುಕೊಂಡಿದ್ದೆ.

ಬಾಯಿ ಮುಚ್ಚಿದ ಮೇಲೆ ಎರಡು ರಾತ್ರಿ, ಗಂಟೆಗೊಮ್ಮೆ ಕಂದೀಲು ಹಿಡಿದು ಇಳಿದು ಹೋಗಿ ನೋಡಿ ಬಂದೆ. ಇಪ್ಪತ್ತೆರಡು ಸಲ. ಇಪ್ಪತ್ತೊಂದು ಸಲ ಅವನು ಎದ್ದಿದ್ದ. ಎರಡನೆಯ ರಾತ್ರಿ ಮೂರು ಗಂಟೆಗೆ ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದ.

“ಮಲಗೀಯೇನ ಕಾಕಾ?”

“ಕಣ್ಣ ಮುಚ್ಚೇನ್ರಿ. ಮೂಗ ಮುಚ್ಚಿಲ್ಲ. ಭಟ್ಟಿ ಕಾಯೂದು ಮೂಗು.”

ಜನವರಿ ಎಂಟರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಕ್ಕೆ ಐದನೆಯದು ಹೋಯಿತು. ಒಂಬತ್ತು ಚೀಲ. ಮೂರಕ್ಕೆ ಹೊತ್ತಿಕೊಂಡ ಕಿಡಿ ಹೊರಗೆ ಕಾಣಿಸಲು ಇಷ್ಟು ಹೊತ್ತು ಹಿಡಿದಿರಬಹುದು ಎಂದು ಸಿಟ್ಟಿನಲ್ಲಿ ಲೆಕ್ಕ ಕಟ್ಟಿದೆ. ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಕಾರಣದ ಜಾಗದಲ್ಲಿ ಮತ್ತೊಮ್ಮೆ ‘ಗೊತ್ತಿಲ್ಲ’ ಎಂದು ಬರೆಯಲು ಕೈ ಬರಲಿಲ್ಲ. “ಸುಡುವವನು ರಾತ್ರಿ ಮೂರು ಗಂಟೆಗೆ ನಿದ್ದೆಯಲ್ಲಿದ್ದುದನ್ನು ನಾನೇ ಕಂಡಿದ್ದೇನೆ” ಎಂದು ಬರೆದು ಗಾಡಿಯವನ ಕೈಯಲ್ಲಿ ಕೊಟ್ಟೆ. ಉಳಿದ ಇಪ್ಪತ್ತೊಂದು ಸಲದ ಮಾತನ್ನು ಬರೆಯಲಿಲ್ಲ. ಬೆಳಗಿನ ಪಾಳಿ ಯಾರದೆಂಬುದನ್ನೂ ಬರೆಯಲಿಲ್ಲ.

ಉತ್ತರ ಬರುವುದರೊಳಗೆ ಆರನೆಯ ಭಟ್ಟಿ ಉರಿಯುತ್ತಿತ್ತು. ಜನವರಿ ಹದಿನೇಳರ ಸಂಜೆ ಗಾಡಿಯವನು ಕಾಗದ ತಂದ. ಕಾಕಾ ಆಗ ತಾನೇ ಎಂಟನೆಯ ಕಂಡಿಯನ್ನು ಬಿಗಿದು ಕೈಯ ಮಣ್ಣು ಕೊಡವುತ್ತಿದ್ದ. ಅವನ ಎದುರಿಗೇ ಓದಬೇಕಾಯಿತು.

“ಸಾಹುಕಾರರು ಬ್ಯಾರೆಯವರ್ನ ಕಳಸ್ತಾರಂತ, ಕಾಕಾ. ನಾಳಿಂದ ನೀ ಬ್ಯಾಡಂತ.”

ಅವನು ಕೊನೆಯ ಕಂಡಿಯ ಮಣ್ಣನ್ನು ಅಂಗೈಯಿಂದ ಇನ್ನೊಮ್ಮೆ ಒತ್ತಿದ. ಹೆಂಡತಿ ಕಾಗದವನ್ನೇ ನೋಡುತ್ತ ಕೇಳಿದಳು: “ಇಷ್ಟ ಉದ್ದ ಕಾಗದಕ್ಕ ಇಷ್ಟ ಮಾತೇನ್ರಿ?”

ಕಾಗದದಲ್ಲಿ ‘ನೀವು ಕಣ್ಣಾರೆ ಕಂಡು ತಿಳಿಸಿದಂತೆ’ ಎಂಬ ಸಾಲಿತ್ತು. ಅದನ್ನು ನಾನು ನುಂಗಿದ್ದೆ. ಗಾಡಿಯವನು ಎತ್ತಿನ ಕೊರಳು ನೇವರಿಸುತ್ತ ಬೇರೆ ಕಡೆ ನೋಡಿದ. ಅವನಿಗೆ ಹಾನಗಲ್ಲಿನಲ್ಲಿ ಎಲ್ಲವೂ ತಿಳಿದಿರಬೇಕು. ಅವನಿಂದ ಕಾಕಾನಿಗೂ ಹೆಂಡತಿಗೂ ಅಂದೇ ತಿಳಿದಿರಬೇಕು, ಏಕೆಂದರೆ ಮರುದಿನ ನಸುಕಿನಲ್ಲಿ ಗಂಟುಮೂಟೆ ಹೊತ್ತು ಹೊರಟಾಗ ಅವಳು ನನ್ನ ಕಡೆ ತಿರುಗಲಿಲ್ಲ. ಕಾಕಾ ಮಾತ್ರ ನಿಂತು, ಭಟ್ಟಿಯತ್ತ ಕೈ ತೋರಿಸಿದ.

“ನಾಕ ದಿನ ಮುಟ್ಟಬ್ಯಾಡ್ರಿ. ಬಿರಕ ಬಿಟ್ರ ಹಸೀ ಮಣ್ಣ ಮೆತ್ರಿ. ಛಲೋ ಸುಟ್ಟೈತಿ ಇದು.”

ಅವರು ಇಳಿಜಾರಿನಲ್ಲಿ ಮರೆಯಾದರು. ಮೋತ್ಯಾ ಸ್ವಲ್ಪ ದೂರ ಅವರ ಹಿಂದೆ ಹೋಗಿ ಹಿಂತಿರುಗಿತು. ಗುಡ್ಡದ ಮೇಲೆ ಈಗ ನಾನೂ ನಾಯಿಯೂ ಮಾತ್ರ ಉಳಿದೆವು. ಹೊಸಬ ಬರಲು ಎರಡು ದಿನ ಇತ್ತು, ಅಲ್ಲಿಯವರೆಗೆ ಕಡಿಯುವವರೂ ಬರುತ್ತಿರಲಿಲ್ಲ. ಭಟ್ಟಿ ಕೆಟ್ಟರೆ ಹೇಳಲು ಬೇರೆ ಯಾರ ಹೆಸರೂ ಇಲ್ಲವೆಂಬ ಅಂಜಿಕೆಗೆ, ಅಂದು ಮೊದಲ ಸಲ ಬೆಳಗಿನ ಪಾಳಿಯಲ್ಲಿ ದಿನಚರಿಯ ಪುಸ್ತಕವನ್ನು ಕೋಣೆಯಲ್ಲೇ ಬಿಟ್ಟು ಕೆಳಗೆ ಹೋದೆ.

ಭಟ್ಟಿಯನ್ನು ಸುತ್ತಿ ಪಡುವಣ ಮಗ್ಗುಲಿಗೆ ಬಂದರೆ, ಅಲ್ಲಿ ಮೋತ್ಯಾ ಇತ್ತು.

ಗಾಳಿ ಬಡಿಯದ ಆ ಮಗ್ಗುಲಲ್ಲಿ, ನೆಲದಿಂದ ಮೊಳದೆತ್ತರಕ್ಕೆ, ಮುಂಗಾಲಿನಿಂದ ಮಣ್ಣು ಕೆರೆಯುತ್ತಿತ್ತು. ನಾಲ್ಕು ಸಲ ಕೆರೆದು ಒಂದು ಸುತ್ತು ತಿರುಗಿ ಬೆನ್ನು ಕೊಟ್ಟು ನೋಡುವುದು; ಸಾಲದೆನಿಸಿ ಮತ್ತೆ ಕೆರೆಯುವುದು. ಬೆಚ್ಚಗಿನ ಮಣ್ಣಿನಲ್ಲಿ ಬಾಣಲೆಯ ಹಾಗೆ ಗುಂಡಿ ಮಾಡಿಕೊಂಡಿತ್ತು. ಗುಂಡಿಯ ತಳದಲ್ಲಿ ಕರಿಕಾದ ಎಲೆ ಕಾಣುತ್ತಿತ್ತು. ಎಲೆಯ ಸಂದಿಯಿಂದ ನೂಲಿನಷ್ಟು ಹೊಗೆ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಲ್ಲು ಬೀಸಿದ್ದು ನೆನಪಿದೆ. ನಾಯಿ ಕುಂಯ್ಗುಟ್ಟಿ ಓಡಿತು. ಹಸಿ ಮಣ್ಣು ತಂದು ಮೆತ್ತಿದೆ, ಮೇಲೆ ಇನ್ನೊಂದು ಪದರ ಮೆತ್ತಿದೆ. ಅರ್ಧ ತಾಸಿನಲ್ಲಿ ಹೊಗೆ ನಿಂತಿತು.

ಕೋಣೆಗೆ ಬಂದು ಪುಸ್ತಕ ತೆರೆದೆ. ಒಂಬತ್ತೂವರೆ, ಹತ್ತು, ಒಂಬತ್ತೂ ಮುಕ್ಕಾಲು. ಮೂರೂ ನನ್ನ ಪಾಳಿಯಲ್ಲಿ. ಮೂರೂ ಪಡುವಣ ಮಗ್ಗುಲು, ಬಾಗಿಲಲ್ಲಿ ಕುಳಿತವನಿಗೆ ಕಾಣದ ಮಗ್ಗುಲು. ಮೊದಲ ಎರಡು ಭಟ್ಟಿಗಳ ಕಾಲಕ್ಕೆ ಚಳಿ ಬಿದ್ದಿರಲಿಲ್ಲ. ನಾಯಿ ಬೆಳಗಿನ ಹೊತ್ತು ಕೋಣೆಯ ಮುಂದೆಯೇ ಮಲಗುತ್ತಿತ್ತು. ಭಟ್ಟಿ ಉರಿಯುವಾಗ ಮಣ್ಣು ಸುಡುತ್ತದೆ, ಹತ್ತಿರ ಹೋಗುವಂತಿಲ್ಲ. ಬಾಯಿ ಮುಚ್ಚಿ ಒಂದು ರಾತ್ರಿ ಕಳೆದರೆ ಬೆಚ್ಚಗಿರುತ್ತದೆ. ಒಳಗೆ ಹೊತ್ತಿಕೊಂಡು ಕಾವು ಏರಿದಾಗ ಎದ್ದು ಹೋಗುತ್ತಿತ್ತು. ಮಗ್ಗುಲು ಕುಸಿದಾಗ ಗುಂಡಿಯೂ ಅದರೊಳಗೇ ಮುಚ್ಚಿಹೋಗುತ್ತಿತ್ತು. ಗಾಳಿ, ಮಣ್ಣು, ಹೊಗೆಯ ಬಣ್ಣ, ತುಂಡಿನ ಎಣಿಕೆ, ಬುಟ್ಟಿಯ ಎಣಿಕೆ ಎಲ್ಲವೂ ಪುಸ್ತಕದಲ್ಲಿದ್ದವು. ಎರಡು ತಿಂಗಳ ಪುಟಗಳಲ್ಲಿ ನಾಯಿಯ ಹೆಸರು ಒಂದು ಕಡೆಯೂ ಇರಲಿಲ್ಲ.

ಸುಮ್ಮನಿರಬಹುದಾಗಿತ್ತು. ಮೋತ್ಯಾನನ್ನು ಕಟ್ಟಿಹಾಕಿದರೆ ಇನ್ನು ಮುಂದೆ ಭಟ್ಟಿ ಕೆಡುವುದಿಲ್ಲ. ಹೊಸಬ ಬಂದ, ಸರಿಹೋಯಿತು ಎಂದು ಸಾಹುಕಾರರು ಸಮಾಧಾನಪಡುತ್ತಾರೆ. ನನ್ನ ವರದಿ ನಿಜವಾದಂತೆಯೂ ಆಗುತ್ತದೆ. ಇದನ್ನು ನಾನು ಯೋಚಿಸಿದೆ, ಸ್ವಲ್ಪ ಹೊತ್ತಲ್ಲ. ಹೊರಗೆ ಉದ್ದಕ್ಕೆ ಬಿದ್ದಿದ್ದ ಕೋಣೆಯ ನೆರಳು ಬಾಗಿಲ ಹತ್ತಿರಕ್ಕೆ ಸರಿದಿತ್ತು. ಕಾಕಾ ‘ಛಲೋ ಸುಟ್ಟೈತಿ ಇದು’ ಅಂದದ್ದು ಕೇಳುತ್ತಲೇ ಇತ್ತು. ಕೆಲಸದಿಂದ ತೆಗೆದವನು ಹಾಗೆ ಹೇಳುವ ಅಗತ್ಯವಿರಲಿಲ್ಲ.

ಎರಡು ಪ್ರತಿ ಬರೆದೆ. ಒಂದು ಸಾಹುಕಾರರಿಗೆ, ಒಂದು ಕಾಕಾನಿಗೆ. ಮೋತ್ಯಾನಿಗೆ ಹಗ್ಗ ಹಾಕಿ ಎಂಟು ಮೈಲಿ ನಡೆದು ಹಾನಗಲ್ಲಿಗೆ ಬಂದಾಗ ಹಿರೇಕೆರೂರಿನ ಬಸ್ಸು ಇನ್ನೂ ನಿಂತಿತ್ತು. ಇದ್ದಿಲ ಬಸ್ಸು ಹೊರಡುವುದೆಂದರೆ ದೊಡ್ಡ ಸಂಭ್ರಮ. ಹಿಂಬದಿಯ ಕಬ್ಬಿಣದ ಪೀಪಾಯಿಗೆ ಇದ್ದಿಲು ತುಂಬಿ, ಬೆಂಕಿ ಕೊಟ್ಟು, ಹಿಡಿಕೆ ತಿರುಗಿಸಿ ಗಾಳಿ ಊದಬೇಕು. ಡ್ರೈವರ್ ಅಂಗಿ ಬಿಚ್ಚಿ ಹಿಡಿಕೆ ತಿರುಗಿಸುತ್ತಿದ್ದ. ಗಂಟಿನ ಮೇಲೆ ಕಾಕಾ ಮತ್ತು ಅವನ ಹೆಂಡತಿ ಕುಳಿತಿದ್ದರು. ಹಿರೇಕೆರೂರಿನ ಕಡೆ ಇನ್ನೊಬ್ಬ ಗುತ್ತಿಗೆದಾರ ಇದ್ದಾನೆ, ಸುದ್ದಿ ಮುಟ್ಟುವ ಮೊದಲೇ ಕೇಳಿ ನೋಡೋಣವೆಂದು ಹೊರಟಿದ್ದರು.

ನಾನು ನಾಯಿಯ ವಿಷಯ ಹೇಳಿ ಕಾಗದ ಕೊಟ್ಟೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಓದ್ತೇನಿ ಕೊಡು ಕಾಕಾ.”

“ಬ್ಯಾಡ್ರಿ. ನಿನ್ನಿ ಕಾಗದಾನೂ ನೀವ ಓದಿದ್ರಿ.” ಅವನು ಎದ್ದು ಡ್ರೈವರನ ಕಡೆ ಹೋದ. “ಸಾಹೇಬ್ರ, ಇದನ್ನೊಂದೀಟ ಓದ್ರಿ. ದನಿ ಮಾಡಿ ಓದ್ರಿ.”

ಡ್ರೈವರ್ ಸಾಹುಕಾರರ ಮನುಷ್ಯ. ಇವನು ಓದಿದರೆ ನನ್ನ ಕಾಗದಕ್ಕಿಂತ ಮೊದಲೇ ಸುದ್ದಿ ಶಿಗ್ಗಾಂವ ಮುಟ್ಟುತ್ತದೆ. ನಾನು ಬೇಡ ಅನ್ನಲಿಲ್ಲ. ಅವನು ಕೈಯ ಮಸಿಯನ್ನು ಧೋತರಕ್ಕೆ ಒರೆಸಿಕೊಂಡು ಓದಿದ:

“ಮೂರು, ನಾಲ್ಕು ಹಾಗೂ ಐದನೆಯ ಭಟ್ಟಿ ಕೆಟ್ಟದ್ದು ಸುಡುವವನ ತಪ್ಪಿನಿಂದಲ್ಲ. ಕಾರಕೂನನ ನಾಯಿ ಬೆಳಗಿನ ಹೊತ್ತು ಭಟ್ಟಿಯ ಮಣ್ಣು ಕೆರೆದು ಅದರಲ್ಲಿ ಮಲಗುತ್ತಿತ್ತು. ಬೆಳಗಿನ ಕಾವಲು ಕಾರಕೂನನದು. ಅವನು ಕಾವಲು ಮಾಡಲಿಲ್ಲ. ಹಿಂದೆ ಬರೆದ ವರದಿ ಸುಳ್ಳು.”

ಬಸ್ಸಿನೊಳಗಿನಿಂದ ಯಾರೋ ನಕ್ಕರು. “ನಾಯಿ ಬಾಳ ಸುಖವಾಸಿ ಐತಿ ಬಿಡ್ರಿ” ಎಂದರು ಒಬ್ಬರು. “ಯಾವ ನಾಯಿ, ಇದ ಏನು?” ಎಂದು ಇನ್ನೊಬ್ಬರು ಕಿಟಕಿಯಿಂದ ತಲೆ ಹಾಕಿದರು. ಡ್ರೈವರ್ ನಗಲಿಲ್ಲ.

“ಒಂದ ತಿಂಗಳಾತು, ಹಿಡಿಕಿ ತಿರುವಿ ತಿರುವಿ ನನ್ನ ರಟ್ಟಿ ಬಿದ್ದಾವು. ಅರ್ಧ ಬೂದಿ, ಅರ್ಧ ಪುಡಿ. ಇದು ಹಾಸಿಗಿ ಮಾಡಿದ್ದನ್ನ ನಾ ಪೀಪಾಯಿಗೆ ತುಂಬೇನಿ.”

“ಕಡೀ ಮಾತ ಮತ್ತೊಮ್ಮೆ ಓದ್ರಿ,” ಎಂದ ಕಾಕಾ.

“ಹಿಂದೆ ಬರೆದ ವರದಿ ಸುಳ್ಳು.”

“ಕೆಳಗ ಸಹಿ ಐತೇನ್ರಿ?”

“ಐತಿ. ತಾರೀಖೂ ಐತಿ.”

ಕಾಕಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚಂಚಿಯಲ್ಲಿಟ್ಟು ದಾರ ಸುತ್ತಿದ. ಪೀಪಾಯಿಯ ಬುಡಕ್ಕೆ ನೀಲಿ ಉರಿ ಹತ್ತಿತು. ಡ್ರೈವರ್ ಅಂಗಿ ತೊಟ್ಟುಕೊಂಡ.

“ತಿರುಗಿ ಗುಡ್ಡಕ್ಕ ನಡಿ ಕಾಕಾ,” ಎಂದೆ. “ಸಾಹುಕಾರರಿಗೂ ಬರದೇನಿ. ಆರನೇದು ಉಳದೈತಿ. ನೀನ ಬಿಚ್ಚು.”

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಗಂಟನ್ನು ಬಸ್ಸಿನೊಳಗೆ ಇಟ್ಟಿದ್ದಳು. “ಕೆಟ್ಟ ಮೂರ ಭಟ್ಟಿಗೆ ಮಣ್ಣ ಹೊತ್ತದ್ದು ಸಾಕ್ರಿ,” ಎಂದಳು, ನನ್ನ ಕಡೆ ನೋಡದೆ.

ಕಾಕಾ ಮೆಟ್ಟಿಲ ಮೇಲೆ ಕಾಲಿಟ್ಟು ಮೋತ್ಯಾನ ತಲೆ ನೋಡಿದ. ಕಿವಿಯ ಹತ್ತಿರ, ಬೆಳಿಗ್ಗೆ ನಾನು ಬೀಸಿದ ಕಲ್ಲು ತಾಗಿದಲ್ಲಿ, ರಕ್ತ ಒಣಗಿತ್ತು.

“ನಾಯಿಗೆ ಹೊಡೀಬ್ಯಾಡ್ರಿ ಕಾರಕೂನ್ರ,” ಎಂದ. “ಅದೇನ ಕಾಗದ ಬರದಿಲ್ಲ.”

ಬಸ್ಸು ಎರಡು ಸಲ ಕೆಮ್ಮಿ ಹೊರಟಿತು. ನಾನು ಹಗ್ಗ ಹಿಡಿದು ಗುಡ್ಡದ ದಾರಿಗೆ ತಿರುಗಿದೆ. ಮೇಲೆ ಆರನೆಯ ಭಟ್ಟಿ ಆರಲು ಇನ್ನೂ ಮೂರು ದಿನವಿತ್ತು, ಮತ್ತು ಅದನ್ನು ಕಾಯಲು ಆಗ ಅಲ್ಲಿ ಯಾರೂ ಇರಲಿಲ್ಲ.